ಗಂಧದ ಕೋಠಿಯ ನೆರೆಯಲ್ಲಿ

ಮಲ್ಲೇಶ್ವರದ ಹಳೆಯ ಬೀದಿಗಳಲ್ಲಿ ಎರಡು ಸಾಲು ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತ ಕಡೆ ನಡುವೆ ಒಂದು ಸಣ್ಣ ಓಣಿ ಇರುತ್ತದೆ. ಬಸವನಗುಡಿ, ಚಾಮರಾಜಪೇಟೆಗಳಲ್ಲೂ ಉಂಟು. ಹಳಬರು ಅದನ್ನು ಕನ್ಸರ್ವೆನ್ಸಿ ಎನ್ನುತ್ತಾರೆ. ಈಗ ಅಲ್ಲಿ ಸ್ಕೂಟರು ನಿಲ್ಲುತ್ತದೆ, ಗುಜರಿ ಸಾಮಾನು ಬಿದ್ದಿರುತ್ತದೆ, ಧೈರ್ಯವಂತರು ಒತ್ತುವರಿ ಮಾಡಿ ಬಚ್ಚಲು ಕಟ್ಟಿಕೊಂಡಿದ್ದಾರೆ. ಆ ಓಣಿಯನ್ನು ಬಿಟ್ಟದ್ದು ಮನೆಗಳ ಕಕ್ಕಸನ್ನು ಹಿಂದಿನಿಂದ ಬಾಚಿ ಸಾಗಿಸಲಿಕ್ಕೆ. ಬಾಚುವವರು ಮುಂಬಾಗಿಲಿಗೆ ಬರಬಾರದು, ಬೀದಿಯಲ್ಲಿ ಕಾಣಿಸಲೂ ಬಾರದು ಎಂಬುದು ಆ ನಕ್ಷೆಯ ಒಳಗೇ ಇತ್ತು. ಆರೋಗ್ಯಶಾಸ್ತ್ರ ಹೇಳಿದ್ದನ್ನು ಕೇಳಿ ಮೈಸೂರು ಸರಕಾರ ಖಜಾನೆ ಬಿಚ್ಚಿದ ಮೊದಲ ದಿನಗಳ ಗುರುತು ಅದು. ಆ ಶಾಸ್ತ್ರ ಜಾತಿಯ ಮೈಲಿಗೆಯನ್ನೂ ಜೊತೆಗೇ ಕರೆದುಕೊಂಡು ಬಂತು.

ಚಾಮರಾಜಪೇಟೆ ಆದದ್ದು 1892ರಲ್ಲಿ. ಕೋಟೆಯ ಪಶ್ಚಿಮಕ್ಕೆ ಅಳತೆ ಹಿಡಿದು, ನೇರ ರಸ್ತೆ ಎಳೆದು ಮಾಡಿದ ಬಡಾವಣೆ. ಹೆಸರು ಆಗ ಆಳುತ್ತಿದ್ದ ಚಾಮರಾಜೇಂದ್ರ ಒಡೆಯರದು. 1896ರ ಹೊತ್ತಿಗೆ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಎರಡರ ಹಿಂದೆಯೂ ಇದ್ದವರು 1883ರಿಂದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್. ದೊಡ್ಡ ಬೀದಿ, ಶುದ್ಧ ನೀರು, ಗಾಳಿ ಆಡುವ ಮನೆ ಇವೆಲ್ಲ ಸರಕಾರದ ಕೆಲಸ ಎಂಬ ಮಾತು ಆಗಿನ್ನೂ ಹೊಸದು. ಜನರಿಗಂತೂ ಅದು ಅಷ್ಟಾಗಿ ಬೇಕಿರಲಿಲ್ಲ. ತಲೆತಲಾಂತರದಿಂದ ಚಿಕ್ಕಪೇಟೆ, ಅಕ್ಕಿಪೇಟೆಯಲ್ಲಿ ಮಳಿಗೆಯ ಹಿಂದೆಯೇ ಮನೆ ಇದ್ದವರು ಬಯಲಿಗೆ ಹೋಗಿ ಒಂಟಿ ಮನೆ ಕಟ್ಟಿಕೊಳ್ಳುವುದೇಕೆ?

ಉತ್ತರ 1898ರ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯ ರೈಲಿನಲ್ಲಿ ಬಂತು. ಪ್ಲೇಗು ಮೊದಲು ಸಿಕ್ಕಿದ್ದು ರೈಲ್ವೆ ನಿಲ್ದಾಣದ ಸುತ್ತಿನಲ್ಲಿ. ಅಲ್ಲಿಂದ ಪೇಟೆಗೆ, ದಂಡಿಗೆ. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದರು. ಬೀದಿಬೀದಿಗೆ ಪ್ಲೇಗಮ್ಮನ ಪೂಜೆ ನಡೆಯಿತು. ಸರಕಾರ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರಾಗಿ ಕೂರಿಸಿತು, ಅಧಿಕಾರಿಗಳ ನಡುವೆ ಸುದ್ದಿ ಓಡಾಡಲು ಟೆಲಿಫೋನ್ ತಂತಿ ಎಳೆಸಿತು, ಮನೆಗಳ ಹೆಂಚು ಇಳಿಸಿ ಬಿಸಿಲು ಬಿಡಿಸಿತು, ಸುಣ್ಣ ಹೊಡೆಸಿತು, ಬೊಂಬಾಯಿಯಲ್ಲಿ ಹಾಫ್ಕಿನ್ ಹಿಂದಿನ ವರ್ಷವಷ್ಟೇ ತಯಾರಿಸಿದ್ದ ಲಸಿಕೆಯನ್ನು ಚುಚ್ಚಿಸಿತು.

ಇಲ್ಲಿ ನನಗೆ ಕುತೂಹಲ ಎನಿಸುವುದು ಸರಕಾರ ಯಾವ ವಿಜ್ಞಾನವನ್ನು ನಂಬಿ ಇಷ್ಟೆಲ್ಲ ಮಾಡಿತು ಎನ್ನುವುದು. ಪ್ಲೇಗಿನ ರೋಗಾಣುವನ್ನು ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಕಂಡುಹಿಡಿದು ನಾಲ್ಕು ವರ್ಷ ಆಗಿತ್ತು. ಅದು ಇಲಿಯಿಂದ ಮನುಷ್ಯನಿಗೆ ಚಿಗಟದ ಮೂಲಕ ದಾಟುತ್ತದೆ ಎಂದು ಸಿಮೊಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದೂ ಅದೇ 1898ರಲ್ಲಿ. ಆದರೆ ವೈದ್ಯಲೋಕ ಅದನ್ನು ಒಪ್ಪಲು ಇನ್ನೂ ಹಲವು ವರ್ಷ ಹಿಡಿಯಿತು. ಬೆಂಗಳೂರಿನ ಅಧಿಕಾರಿಗಳ ತಲೆಯಲ್ಲಿದ್ದದ್ದು ಕೊಳಕು ನೆಲ, ಕೆಟ್ಟ ಗಾಳಿ, ಒತ್ತೊತ್ತಾದ ಮನೆ. ಕಾರಣ ಪೂರ್ತಿ ಗೊತ್ತಿಲ್ಲದೆ ಇದ್ದಷ್ಟು ತಿಳಿವಳಿಕೆ ಹಿಡಿದು ಹೊರಟರು. ಮಲ್ಲೇಶ್ವರ ಮತ್ತು ಬಸವನಗುಡಿಯ ಅಗಲ ರಸ್ತೆಗಳು, ಬಿಡಿ ಮನೆಗಳು, ಹಿಂದಿನ ಓಣಿಗಳು ಹೀಗೆ ಅರೆಬರೆ ಸರಿಯಾದ ಸಿದ್ಧಾಂತದ ಮೇಲೆ ನಿಂತವು. ಫಲ ಮಾತ್ರ ಕೆಟ್ಟದಾಗಲಿಲ್ಲ. ಧಾನ್ಯದ ಮಂಡಿಯ ಪಕ್ಕದಿಂದ ಹೊರಬಂದವರು ಇಲಿಗಳಿಂದಲೂ ದೂರವಾದರು.

ಕಾಡು ಮಲ್ಲೇಶ್ವರನ ಗುಡಿಯ ಸುತ್ತ ಒಂದು, ದೊಡ್ಡ ಬಸವಣ್ಣನ ಗುಡಿಯ ಸುತ್ತ ಒಂದು. ಪ್ಲೇಗಿನ ಮೊದಲೇ ಆಲೋಚನೆಯಲ್ಲಿದ್ದ ಎರಡೂ ಬಡಾವಣೆಗಳು ಭಯದ ಬೆನ್ನಿಗೇ ತುಂಬತೊಡಗಿದವು. ಬ್ಲಾಕುಗಳನ್ನು ಜಾತಿ ಸಮುದಾಯ ನೋಡಿ ಹಂಚಿದರು. ಓದುಬರಹದ ಉದ್ಯೋಗಸ್ಥರು, ಅದರಲ್ಲೂ ಬ್ರಾಹ್ಮಣರು, ಮೊದಲು ಬಂದರು. ಮುಂದಿನ ಐವತ್ತು ವರ್ಷ ಸರಕಾರದ ವಿಜ್ಞಾನ ಇಲಾಖೆಗಳಿಗೆ ಗುಮಾಸ್ತರು, ಓವರ್ಸಿಯರುಗಳು, ಕೆಮಿಸ್ಟರು ಹೆಚ್ಚಾಗಿ ಹೊರಟದ್ದು ಈ ಬೀದಿಗಳಿಂದಲೇ. ಆ ನಡುವೆ, 1900ರ ಡಿಸೆಂಬರಿನಲ್ಲಿ, ಕೋಟೆಯ ಬಳಿ ವಿಕ್ಟೋರಿಯಾ ಆಸ್ಪತ್ರೆಯನ್ನು ವೈಸರಾಯ್ ಲಾರ್ಡ್ ಕರ್ಜನ್ ಬಂದು ತೆರೆದು ಹೋದರು.

ಕರ್ಜನ್ ಹೆಸರು ಇನ್ನೊಂದು ಕಾರಣಕ್ಕೂ ಬರುತ್ತದೆ. ಪ್ಲೇಗು ಬಂದ ವರ್ಷವೇ ಬೊಂಬಾಯಿಯ ಜಮ್ಶೆಟ್‌ಜಿ ಟಾಟಾ ಒಂದು ಸಂಶೋಧನಾ ಸಂಸ್ಥೆಗಾಗಿ ವರ್ಷಕ್ಕೆ ಸುಮಾರು 1.25 ಲಕ್ಷ ಹುಟ್ಟುವಷ್ಟು, ಅಂದರೆ 30 ಲಕ್ಷ ರೂಪಾಯಿ ಬೆಲೆಯ ಆಸ್ತಿ ಬರೆದುಕೊಡುವುದಾಗಿ ಹೇಳಿದ್ದರು. 1898ರ ಡಿಸೆಂಬರ್ 31ರಂದು, ಆಗತಾನೇ ಹಡಗಿಳಿದಿದ್ದ ಕರ್ಜನ್ ಮುಂದೆ ಟಾಟಾ ಕಡೆಯವರು ಯೋಜನೆ ಇಟ್ಟರು. ವೈಸರಾಯ್ ಎರಡು ಪ್ರಶ್ನೆ ಎತ್ತಿದರು: ಇಂಥ ಉನ್ನತ ಓದಿಗೆ ವಿದ್ಯಾರ್ಥಿಗಳು ಎಲ್ಲಿ ಸಿಗುತ್ತಾರೆ? ಓದಿ ಹೊರಬಂದವರಿಗೆ ಕೆಲಸ ಎಲ್ಲಿದೆ? ಕೆಟ್ಟ ಪ್ರಶ್ನೆಗಳೇನಲ್ಲ. ಆದರೆ ಕೆಲಸ ಹುಟ್ಟಿಸುವ ಶಕ್ತಿ ಯಾರ ಕೈಯಲ್ಲಿತ್ತೋ ಅವರೇ ಅದನ್ನು ಕೇಳುತ್ತಿದ್ದರು.

1900ರ ಹೊತ್ತಿಗೆ ಲಂಡನ್ನಿನ ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೆ ಬಂದು ದೇಶ ಸುತ್ತಿ, ಇಂಥ ಸಂಸ್ಥೆಗೆ ಬೆಂಗಳೂರು ತಕ್ಕ ಜಾಗ ಎಂದರು. ಹವೆ ಹಿತವಾಗಿತ್ತು ನಿಜ. ಹವೆಯೊಂದರಿಂದಲೇ ಇಲ್ಲಿಗೆ ಬಂತು ಎಂದು ನಾವು ಈಗ ಹೇಳಿಕೊಂಡು ಬೀಗುತ್ತೇವೆ. ದಿವಾನರ ಲೆಕ್ಕದ ಪುಸ್ತಕವನ್ನು ಮರೆಯುತ್ತೇವೆ. ಮೈಸೂರು ಸಂಸ್ಥಾನ ಮುಂದಿಟ್ಟದ್ದು 371 ಎಕರೆ ಜಮೀನು, ಕಟ್ಟಡಕ್ಕೆ 5 ಲಕ್ಷ ರೂಪಾಯಿ, ಪ್ರತಿವರ್ಷ 50,000. ಈ ಮೊತ್ತ ಎಷ್ಟು ದೊಡ್ಡದು ಎಂದು ಅಳೆಯಲು ಇನ್ನೊಂದು ಸಂಖ್ಯೆ ಪಕ್ಕದಲ್ಲಿರಬೇಕು: ಮೈಸೂರು ಬ್ರಿಟಿಷರಿಗೆ ಪ್ರತಿವರ್ಷ ಕಟ್ಟಬೇಕಿದ್ದ ಪೊಗದಿ 1896ರಿಂದ 24.5 ಲಕ್ಷದಿಂದ 35 ಲಕ್ಷಕ್ಕೆ ಏರಿತ್ತು. ಹಾಗೆ ಕಪ್ಪ ಕಟ್ಟುವ ಸಂಸ್ಥಾನ ಮೊದಲು ಕೈ ಎತ್ತಿತು. ಕಪ್ಪ ತೆಗೆದುಕೊಳ್ಳುವ ಸರಕಾರ ಸಮಿತಿಯ ಮೇಲೆ ಸಮಿತಿ ಹಾಕಿ, ಕೊನೆಗೆ ಟಾಟಾ ಮತ್ತು ಮೈಸೂರು ಸೇರಿ ಕೊಡುವುದರ ಅರ್ಧ, ವರ್ಷಕ್ಕೆ 87,500 ರೂಪಾಯಿ, ಕೊಡಲು ಒಪ್ಪಿತು.

ಶೇಷಾದ್ರಿ ಅಯ್ಯರ್ ಉದಾರಿ ಎಂದು ಹೊಗಳುವುದು ಸುಲಭ. ಅವರು ಲೆಕ್ಕ ಇಲ್ಲದೆ ಉದಾರವಾದವರಲ್ಲ. ಅದೇ ಹೊತ್ತಿಗೆ ಅವರು ಶಿವನಸಮುದ್ರದಲ್ಲಿ ಕಾವೇರಿಯ ಧಾರೆಗೆ ಟರ್ಬೈನು ಕೂರಿಸುತ್ತಿದ್ದರು. ವಿದ್ಯುತ್ತನ್ನು ಅಷ್ಟು ದೂರ ಒಯ್ಯುವುದು ಏಷ್ಯಾದಲ್ಲಿ ಯಾರೂ ಮಾಡಿರದ ಕೆಲಸ. ಆದರೂ ಅಪಾಯ ಮಿತಿಯಲ್ಲಿತ್ತು, ಏಕೆಂದರೆ ಗಿರಾಕಿ ಮೊದಲೇ ಗೊತ್ತಿದ್ದ: ಕೋಲಾರದ ಚಿನ್ನದ ಗಣಿ. 1902ರ ಜೂನ್ 30ರಂದು 92 ಮೈಲಿ ದಾಟಿ ಗಣಿಗೆ ವಿದ್ಯುತ್ ತಲುಪಿತು. ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದ್ದು ಮೂರು ವರ್ಷ ತಡೆದು, 1905ರ ಆಗಸ್ಟಿನಲ್ಲಿ. ಏಷ್ಯಾದಲ್ಲೇ ಮೊದಲು ಬೀದಿದೀಪ ಕಂಡ ಊರು ಎಂದು ನಾವು ಹೇಳಿಕೊಳ್ಳುವ ಬೆಳಕು ಚಿನ್ನದ ಗಣಿಗೆ ಕೊಟ್ಟು ಉಳಿದದ್ದು. ಇದರಲ್ಲಿ ನಾಚಿಕೆಪಡುವುದೇನಿಲ್ಲ. ಮೈಸೂರು ಸರಕಾರ ತಂತ್ರಜ್ಞಾನಕ್ಕೆ ದುಡ್ಡು ಹಾಕಿದಾಗೆಲ್ಲ ಒಂದೋ ಭಯ ಬೆನ್ನಟ್ಟಿತ್ತು, ಇಲ್ಲವೇ ಗಿರಾಕಿ ಬಾಗಿಲಲ್ಲಿ ನಿಂತಿದ್ದ. ಭಯವೂ ಗಿರಾಕಿಯೂ ಇಲ್ಲದೆ ಕೊಟ್ಟದ್ದು ಮಲ್ಲೇಶ್ವರದ ಆಚೆಯ ಆ 371 ಎಕರೆ ಮಾತ್ರ.

ಕೊಟ್ಟವರು ಯಾರೂ ಅದರ ಫಲ ನೋಡಲಿಲ್ಲ. ಅಯ್ಯರ್ 1901ರಲ್ಲಿ, ಟಾಟಾ 1904ರಲ್ಲಿ ತೀರಿಕೊಂಡರು. ಜಮೀನು ವಿಧಿವತ್ತಾಗಿ ಕೈಗೆ ಬಂದದ್ದು 1907ರಲ್ಲಿ, ಸಂಸ್ಥೆಗೆ ಸರಕಾರದ ಆಜ್ಞೆ ಸಿಕ್ಕಿದ್ದು 1909ರ ಮೇ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು 1911ರ ಫೆಬ್ರವರಿ 1ರಂದು. ಆ ಜುಲೈನಲ್ಲಿ ಮೊದಲ ತಂಡ ಸೇರಿತು: 24 ಜನ. ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನ, ಅಷ್ಟೇ ಪಾಠ. ಕರ್ಜನ್ ಇದ್ದಿದ್ದರೆ 'ಹೇಳಿರಲಿಲ್ಲವೇ' ಎನ್ನಬಹುದಿತ್ತು. ಮಲ್ಲೇಶ್ವರದ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತ, ಕಲ್ಲಿನ ಗೋಪುರ ಏಳುವುದನ್ನು ನೋಡುತ್ತಿದ್ದರು. ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್ ರಾಮ್ಸೆಯವರ ಜೊತೆ ನಿಯಾನ್ ಕಂಡುಹಿಡಿದ ಮನುಷ್ಯ. ಇಲ್ಲಿ ಯಾರ ಮಾತು ನಡೆಯಬೇಕೆಂಬ ಜಟಾಪಟಿಯಲ್ಲಿ ದಣಿದು 1914ರಲ್ಲಿ ಹೊರಟುಹೋದರು.

ಅದೇ ವರ್ಷ ಯುರೋಪಿನಲ್ಲಿ ಯುದ್ಧ ಹತ್ತಿತು. ಇಲ್ಲಿಂದ ಕಥೆ ಸ್ಯಾಂಕಿ ಕೆರೆಯ ದಂಡೆಗೆ ಬರುತ್ತದೆ.

1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಗೆ ಗಂಧದಕೋಠಿ ಕೆರೆ ಎಂಬ ಹೆಸರೂ ಇದೆ. ಸರಕಾರದ ಶ್ರೀಗಂಧದ ಉಗ್ರಾಣ ಅದರ ಪಕ್ಕದಲ್ಲಿತ್ತು. ಟಿಪ್ಪುವಿನ ಕಾಲದಿಂದ ಶ್ರೀಗಂಧ ರಾಜನ ಮರ. ಆಗ ನಿಮ್ಮ ಹೊಲದಲ್ಲಿ ಹುಟ್ಟಿದರೂ ಅದು ಸರಕಾರದ್ದಾಗಿತ್ತು. ಕಾಯುವ ಹೊಣೆ ಮಾತ್ರ ನಿಮ್ಮದಾಗಿತ್ತು. ಬೇರಿನಲ್ಲೂ ಎಣ್ಣೆ ಇರುವುದರಿಂದ ಮರವನ್ನು ಕಡಿಯುವುದಿಲ್ಲ, ಬುಡಸಮೇತ ಕೀಳುತ್ತಾರೆ. ಬಿಳಿ ಹೊರಮೈ ಕೆತ್ತಿ, ಚೇಗನ್ನು ತರಗತಿ ಮಾಡಿ ಕೋಠಿಯಲ್ಲಿಟ್ಟು ಹರಾಜು ಹಾಕುತ್ತಿದ್ದರು. ಕೊಳ್ಳುವವರಲ್ಲಿ ಜರ್ಮನರದೇ ಮೇಲುಗೈ. ಕೊರಡು ಜರ್ಮನಿಗೆ ಹೋಗಿ ಎಣ್ಣೆಯಾಗಿ, ಸುಗಂಧವಾಗಿ, ಗುಹ್ಯರೋಗದ ಔಷಧವಾಗಿ ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತಿತ್ತು. ಯುದ್ಧ ಬಂದೊಡನೆ ಹರಾಜು ಕೂಗಲು ಜನ ಇಲ್ಲ. ಕೋಠಿಗಳಲ್ಲಿ ಕೊರಡು ರಾಶಿ ಬಿತ್ತು, ಖಜಾನೆಗೆ ಬರುವ ಆದಾಯಕ್ಕೆ ಕತ್ತರಿ ಬಿತ್ತು.

ಆಗ ದಿವಾನರು ಎಂ. ವಿಶ್ವೇಶ್ವರಯ್ಯ. ಅವರ ಬಳಿ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಗೆ ಆಲ್ಫ್ರೆಡ್ ಚಾಟರ್ಟನ್ ಇದ್ದರು. ಈ ಮನುಷ್ಯ ಮದ್ರಾಸಿನಲ್ಲಿ ಅಲ್ಯೂಮಿನಿಯಂ ಪಾತ್ರೆ, ಕ್ರೋಮ್ ಚರ್ಮ ಎಂದು ಸರಕಾರಿ ದುಡ್ಡಿನಲ್ಲಿ ಕೈಗಾರಿಕೆ ನಡೆಸಿ ತೋರಿಸಿ, 'ವ್ಯಾಪಾರ ಸರಕಾರದ ಕೆಲಸವಲ್ಲ' ಎಂದು ನಂಬಿದ್ದ ಮೇಲಿನವರ ಮುನಿಸು ಕಟ್ಟಿಕೊಂಡು ಮೈಸೂರಿಗೆ ಬಂದವರು. ಮೈಸೂರಿಗೆ ಆ ಮಡಿ ಇರಲಿಲ್ಲ. ಕೊರಡಿನಿಂದ ಎಣ್ಣೆ ಇಲ್ಲೇ ತೆಗೆಯಬಹುದೇ ಎಂಬ ಪ್ರಶ್ನೆ ಹೊತ್ತು ಚಾಟರ್ಟನ್ ಹೋದದ್ದು ಕೋಠಿಯ ನೆರೆಯಲ್ಲಿದ್ದ ಟಾಟಾ ಇನ್‌ಸ್ಟಿಟ್ಯೂಟಿಗೆ, ಜೆ. ಜೆ. ಸಡ್‌ಬರೋ ಮತ್ತು ಎಚ್. ಇ. ವಾಟ್ಸನ್ ಎಂಬ ಇಬ್ಬರು ಪ್ರಾಧ್ಯಾಪಕರ ಬಳಿಗೆ.

ಕೆಲಸ ಹೇಳುವಷ್ಟು ಸುಲಭವಲ್ಲ. ಚೇಗನ್ನು ಪುಡಿ ಮಾಡಿ ಹಬೆ ಹಾಯಿಸಬೇಕು. ಬೇರೆ ಹೂವು ಹುಲ್ಲುಗಳ ಎಣ್ಣೆ ಗಂಟೆಗಳಲ್ಲಿ ಇಳಿದರೆ ಶ್ರೀಗಂಧದ್ದು ದಿನಗಟ್ಟಲೆ ಸತಾಯಿಸುತ್ತದೆ. ಅದರ ತೂಕ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ ನೀರಿನಿಂದ ಬೇಗ ಬೇರೆಯಾಗುವುದೂ ಇಲ್ಲ. ಹಬೆ ಜಾಸ್ತಿಯಾದರೆ ಒಂದು ಕಷ್ಟ, ಕಡಿಮೆಯಾದರೆ ಇನ್ನೊಂದು. ಪ್ರಯೋಗಾಲಯದಲ್ಲಿ ಇವೆಲ್ಲ ಹದಕ್ಕೆ ಬಂದ ಮೇಲೆ 1916ರಲ್ಲಿ ಬೆಂಗಳೂರಿನಲ್ಲಿ ಸರಕಾರಿ ಗಂಧದೆಣ್ಣೆ ಕಾರ್ಖಾನೆ, ಮರುವರ್ಷ ಮೈಸೂರಿನಲ್ಲಿ ಇನ್ನೂ ದೊಡ್ಡದು ಎದ್ದವು. ಜರ್ಮನಿಯ ಎಣ್ಣೆ ನಿಂತುಹೋದ ಲಂಡನ್ ಪೇಟೆಗೆ ಮೈಸೂರಿನ ಎಣ್ಣೆ ಹೊರಟಿತು.

ಎಣ್ಣೆಯ ಬೆನ್ನಿಗೆ ಸಾಬೂನು. ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ತರುಣ ರಸಾಯನಶಾಸ್ತ್ರಜ್ಞರನ್ನು ಸರಕಾರ ಇಂಗ್ಲೆಂಡಿಗೆ ಕಳಿಸಿತು. ಅವರು ಸಾಬೂನು ಮತ್ತು ಸುಗಂಧದ ಕಸುಬು ಕಲಿತು ಬಂದು, ಕಬ್ಬನ್ ಪಾರ್ಕಿನ ಬಳಿಯ ಸರಕಾರಿ ಸಾಬೂನು ಕಾರ್ಖಾನೆಯಲ್ಲಿ ಮೈಸೂರು ಸ್ಯಾಂಡಲ್ ಸೋಪನ್ನು ರೂಪಿಸಿದರು. ಪೆಟ್ಟಿಗೆಯ ಮೇಲಿನ ಗುರುತು ಶರಭ, ಆನೆಯ ತಲೆ ಸಿಂಹದ ಮೈ. ಅಳಿಯ ಬಂದಾಗ ಬಚ್ಚಲಲ್ಲಿ ಹೊಸ ಸೋಪು ಇಡುವ ಮನೆಗಳಲ್ಲಿ ಅದರ ಮರ್ಯಾದೆ ಇನ್ನೂ ಹೋಗಿಲ್ಲ. ದೊರೆಗೆ ಬಂದ ಉಡುಗೊರೆಯ ಸೋಪಿನಿಂದ ಈ ಯೋಚನೆ ಹುಟ್ಟಿತೆಂಬ ಕಥೆಯೊಂದಿದೆ. ಕಥೆ ಚೆನ್ನಾಗಿದೆ, ಮಾರಾಟವಾಗದೆ ಬಿದ್ದ ಕೊರಡೇ ನನಗೆ ಹೆಚ್ಚು ನಂಬಿಕೆಯ ಕಾರಣ ಎನಿಸುತ್ತದೆ.

ಇಲ್ಲಿ ಒಂದು ಗಮನಿಸಬೇಕು. 1898ರಲ್ಲಿ ಯಾರಾದರೂ ದಿವಾನರನ್ನು 'ಈ ಸಂಸ್ಥೆಯಿಂದ ಸಂಸ್ಥಾನಕ್ಕೆ ಏನು ಲಾಭ?' ಎಂದು ಕೇಳಿದ್ದರೆ ಗಂಧದೆಣ್ಣೆ ಎಂಬ ಉತ್ತರ ಬರುತ್ತಿರಲಿಲ್ಲ. ಯುದ್ಧ ಬಂದ ಮೇಲೆ ಪ್ರಯೋಗಾಲಯ ಕಟ್ಟಲು ಹೊರಟಿದ್ದರೆ ಯುದ್ಧ ಮುಗಿಯುವವರೆಗೆ ಅಡಿಗಲ್ಲೂ ಬೀಳುತ್ತಿರಲಿಲ್ಲ. ಇನ್ನಾವುದೋ ಕೆಲಸಕ್ಕೆ ಬಂದು ಕೂತಿದ್ದ ಇಬ್ಬರು ರಸಾಯನಶಾಸ್ತ್ರಜ್ಞರು ಕೋಠಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇದ್ದದ್ದೇ ಆ ಐದು ಲಕ್ಷದ ಬಡ್ಡಿ.

ಅಂದು ದುಡ್ಡು ಹರಿಯದ ಕಡೆಯೂ ಇತ್ತು. 1915ರಲ್ಲಿ, ಸರಕಾರವೇ ನಡೆಸುತ್ತಿದ್ದ ಸಂಪದಭ್ಯುದಯ ಸಮಾಜದ ಚರ್ಚೆಗಳಿಂದ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿ ಮುಂದೆ ಚಾಮರಾಜಪೇಟೆಯಲ್ಲಿ ನೆಲೆಯಾಯಿತು. ಆದರೆ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲಿ, ಇನ್‌ಸ್ಟಿಟ್ಯೂಟಿನ ವರದಿ ಇಂಗ್ಲಿಷಿನಲ್ಲಿ. ಹಬೆ ಹಾಯಿಸಿ ಎಣ್ಣೆ ತೆಗೆಯುವುದು ಹೇಗೆಂದು ಗಂಧದ ಮರ ಕಾಯುವ ರೈತನಿಗೆ ಅವನ ಮಾತಿನಲ್ಲಿ ಹೇಳುವವರು ಯಾರು? ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ ಸೇರಿ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿ ಕಟ್ಟಿ, 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಡಿಸಿದರು. ಕನ್ನಡದಲ್ಲಿ ವಿಜ್ಞಾನಕ್ಕೇ ಮೀಸಲಾದ ಪತ್ರಿಕೆ! ಅದು ಹೆಚ್ಚು ಕಾಲ ಬಾಳಲಿಲ್ಲ. ಸೋಪಿಗೆ ಸಿಕ್ಕ ಬಂಡವಾಳದ ಒಂದು ತುಣುಕು ಅದಕ್ಕೆ ಸಿಕ್ಕಿದ್ದರೆ ಎಂದು ಯಾರಿಗಾದರೂ ಅನಿಸದಿರದು.

ಯಾರಿಗೆ ಹುದ್ದೆ ಎಂಬ ಪ್ರಶ್ನೆಯೂ ಅದೇ ವರ್ಷ ಕೆರಳಿತು. ಸರಕಾರಿ ಕೆಲಸಗಳೆಲ್ಲ ಒಂದೇ ಸಮುದಾಯದವರ ಕೈಯಲ್ಲಿವೆ ಎಂಬ ದೂರು ಹಿಡಿದು ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಮೀಸಲಾತಿಯಿಂದ ದಕ್ಷತೆ ಕುಗ್ಗುತ್ತದೆ ಎಂದು ನಂಬಿದ್ದ ವಿಶ್ವೇಶ್ವರಯ್ಯ ಆ ವರ್ಷದ ಕೊನೆಗೆ ದಿವಾನಗಿರಿಯಿಂದ ಸರಿದರು. ದಕ್ಷತೆಯ ಕೀಲಿ ಮೂರು ನಾಲ್ಕು ಬಡಾವಣೆಗಳಲ್ಲೇ ಏಕೆ ಉಳಿದಿತ್ತು ಎನ್ನುವುದಕ್ಕೆ ಆ ಬಡಾವಣೆಗಳ ಬ್ಲಾಕು ಹಂಚಿಕೆಯನ್ನು ನೋಡಿದರೂ ಸಾಕಿತ್ತು.

ಎಣ್ಣೆ ಗೆದ್ದಿತು. ಮರ ಸೋಲುತ್ತಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಕೊಡಗಿನಲ್ಲಿ ಕಾಣಿಸಿಕೊಂಡ ಸ್ಪೈಕ್ ಎಂಬ ರೋಗ ಮೈಸೂರಿನ ಗಂಧದ ಕಾಡಿಗೂ ಹಬ್ಬಿತ್ತು. ಎಲೆ ಸಣ್ಣದಾಗಿ, ಬಿರುಸಾಗಿ, ರೆಂಬೆಯ ತುದಿಗೆ ಮುಳ್ಳಿನಂತೆ ಗುಂಪುಗಟ್ಟುತ್ತದೆ. ಹೂವು ಕಾಯಿ ನಿಲ್ಲುತ್ತವೆ. ಕೆಲವೇ ವರ್ಷಗಳಲ್ಲಿ ಮರ ಒಣಗುತ್ತದೆ. ಸರಕಾರ ಬಹುಮಾನ ಸಾರಿತು. ಕೆನಡಾದಿಂದ 1908ರಲ್ಲಿ ಬಂದು ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣದ ಸಿಂಪಡಣೆ ಕಲಿಸಿ ಮಲೆನಾಡಿನವರ ಮನೆಮಾತಾಗಿದ್ದ ಲೆಸ್ಲಿ ಕೋಲ್ಮನ್ 1917ರಲ್ಲಿ ಕಸಿ ಕಟ್ಟಿ, ಈ ರೋಗ ಮರದಿಂದ ಮರಕ್ಕೆ ಅಂಟುತ್ತದೆ ಎಂದು ತೋರಿಸಿದರು. ಅಂಟಿಸುವುದು ಏನು? ಯಾವ ಸೂಕ್ಷ್ಮದರ್ಶಕದಲ್ಲೂ ಕಾಣಲಿಲ್ಲ. ಇನ್‌ಸ್ಟಿಟ್ಯೂಟಿನ ಜೀವರಸಾಯನ ವಿಭಾಗದಲ್ಲಿ ಎಂ. ಶ್ರೀನಿವಾಸಯ್ಯ ಮತ್ತು ಸಂಗಡಿಗರು 1920, 30ರ ದಶಕಗಳಲ್ಲಿ ಅದರ ಹಿಂದೆ ಬಿದ್ದರು. ಶ್ರೀಗಂಧ ಪಕ್ಕದ ಗಿಡದ ಬೇರಿಗೆ ತನ್ನ ಬೇರು ತಗುಲಿಸಿ ಬದುಕುವ ಮರ. ಯಾವ ಗಿಡ ಪಕ್ಕದಲ್ಲಿದ್ದರೆ ಏನಾಗುತ್ತದೆ ಎಂಬುದನ್ನೆಲ್ಲ ಅಳೆದರು. ಎಣ್ಣೆ ತೆಗೆಯುವ ಪ್ರಶ್ನೆಗೆ ಎರಡು ವರ್ಷದಲ್ಲಿ ಉತ್ತರ ಬಂದಿತ್ತು. ಇದಕ್ಕೆ ಬರಲಿಲ್ಲ.

ಕೊಟ್ಟ ಕೈ ಲೆಕ್ಕ ಕೇಳುವುದೂ ಅಷ್ಟರಲ್ಲಿ ರೂಢಿಯಾಗಿತ್ತು. ಇನ್‌ಸ್ಟಿಟ್ಯೂಟು ದೇಶಕ್ಕೆ ಏನು ಮಾಡುತ್ತಿದೆ ಎಂದು ನೋಡಲು 1921ರಲ್ಲಿ ಪೋಪ್ ಸಮಿತಿ, 1936ರಲ್ಲಿ ಅರ್ವಿನ್ ಸಮಿತಿ ಬಂದವು. ಎರಡನೆಯದು ಬಂದಾಗ ನಿರ್ದೇಶಕರಾಗಿದ್ದವರು ಸಿ. ವಿ. ರಾಮನ್. ಅದರ ಮರುವರ್ಷ ಅವರು ಆ ಪದವಿ ಬಿಟ್ಟು ಪ್ರಾಧ್ಯಾಪಕರಾಗಿಯಷ್ಟೇ ಉಳಿದರು. ಮಲ್ಲೇಶ್ವರದಲ್ಲಿ 'ಪಂಚವಟಿ' ಎಂಬ ಮನೆ ಮಾಡಿಕೊಂಡಿದ್ದ ಅವರು, ಮಹಾರಾಜರು ಕೊಟ್ಟ ನೆಲದಲ್ಲಿ 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿ, ದಾನಿಗಳ ಮನೆ ಬಾಗಿಲು ತಟ್ಟಿದರೇ ಹೊರತು ಸ್ವತಂತ್ರ ಭಾರತದ ಸರಕಾರದ ಅನುದಾನಕ್ಕೆ ಕೈ ಚಾಚಲಿಲ್ಲ. 1970ರಲ್ಲಿ ಅವರು ತೀರಿಕೊಂಡರು. ಎರಡೇ ವರ್ಷದಲ್ಲಿ ಆ ಸಂಸ್ಥೆ ಕೇಂದ್ರ ಸರಕಾರದ ಅನುದಾನಕ್ಕೆ ಸೇರಿತು.

ಸ್ಪೈಕಿನ ಕಾರಣ ಗೊತ್ತಾದದ್ದು 1969ರಲ್ಲಿ. ವೈರಸ್ಸೇ ಇರಬೇಕು ಎಂದು ಐವತ್ತು ವರ್ಷ ಊಹಿಸಿದ್ದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೋಶಭಿತ್ತಿಯಿಲ್ಲದ ಒಂದು ಬಗೆಯ ಸೂಕ್ಷ್ಮಜೀವಿ ಎಂದು ತಿಳಿಯಿತು. ಈಗ ಫೈಟೋಪ್ಲಾಸ್ಮ ಎನ್ನುತ್ತಾರೆ. ಟೆಟ್ರಾಸೈಕ್ಲಿನ್ ಔಷಧವನ್ನು ಮರಕ್ಕೆ ಇಳಿಸಿದರೆ ಕೆಲವು ತಿಂಗಳು ಚೇತರಿಸಿಕೊಂಡು ಮತ್ತೆ ಬಾಡುತ್ತದೆ. ಮರ ಕಡಿಮೆಯಾದದ್ದು ರೋಗವೊಂದರಿಂದಲೇ ಅಲ್ಲ, ಕಳ್ಳಸಾಗಣೆಯಿಂದಲೂ. ತನ್ನದಲ್ಲದ ಮರ ಹೊಲದಲ್ಲಿ ಮೊಳೆತರೆ ಪೊಲೀಸು, ಅರಣ್ಯ ಇಲಾಖೆ, ಕೇಸು ಎಂದು ಹೆದರಿ ರೈತ ಸಸಿಯಲ್ಲೇ ಕಿತ್ತು ಹಾಕುತ್ತಿದ್ದುದರಿಂದಲೂ. ಈ ಕೊನೆಯ ರೋಗವನ್ನು ಯಾವ ಸರಕಾರವೂ ಸಂಶೋಧನೆಗೆ ಒಪ್ಪಿಸಿರಲಿಲ್ಲ. ಅದರ ಕಾರಣ ತನ್ನ ಕಾನೂನಿನಲ್ಲೇ ಇತ್ತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿ ತಂದು, ಹೊಲದಲ್ಲಿ ಬೆಳೆದ ಶ್ರೀಗಂಧ ಹೊಲದ ಒಡೆಯನದು ಎಂದು ಬರೆದರು. ಸೋಪಿನ ಕಾರ್ಖಾನೆ ಅಷ್ಟರಲ್ಲಿ ರಾಜಾಜಿನಗರಕ್ಕೆ ಹೋಗಿ ನಾಲ್ಕು ದಶಕಗಳಾಗಿದ್ದವು.